ಫೋನಿನ ಆ ಕಡೆಯ ಅಜ್ಜಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮ ಮನೆಯ ವಿಷಯ ನಾಲ್ಕು ಸಾಲು ಬರೆದಿದ್ದೆ. ನಾನು ಸೋಮವಾರಪೇಟೆ ಕಡೆಯವಳು, ನನ್ನವರು ಸ್ವೀಡನ್ನಿನವರು. ಏಳು ವರ್ಷ ಅಲ್ಲಿನ ವೆಕ್ಷೋ ಎಂಬ ಊರಿನಲ್ಲಿ ಇದ್ದೆವು. ಈಗ ಸುಂಟಿಕೊಪ್ಪದ ಹತ್ತಿರ ಆರು ಎಕರೆ ಕಾಫಿ ತೋಟ ನೋಡಿಕೊಂಡಿದ್ದೇವೆ. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಅತ್ತೆ ವೆಕ್ಷೋದಲ್ಲೇ ಇದ್ದಾರೆ. ಅಷ್ಟು ಬರೆದಿದ್ದಕ್ಕೆ ಇಷ್ಟು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಸ್ವೀಡನ್ ಬಗ್ಗೆ ಕೇಳಿದವರಿಗಿಂತ ತಮ್ಮ ತಮ್ಮ ಮನೆಯ ಬಗ್ಗೆ ಕೇಳಿದವರೇ ಜಾಸ್ತಿ. ಮೊಮ್ಮಕ್ಕಳು ಒಂದು ದೇಶದಲ್ಲಿ, ಅಜ್ಜಿ ತಾತ ಇನ್ನೊಂದು ಕಡೆ, ನಡುವೆ ಒಂದು ಫೋನು. ಕಾಫಿ ಕುಯ್ಲು ನಡೆದಿದೆ, ಹಗಲು ಪುರುಸೊತ್ತಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಒಂದೊಂದೇ ಉತ್ತರ ಬರೆದಿದ್ದೇನೆ.

ಅಕ್ಕಾ, ನಿಮ್ಮ ಮನೆಯಲ್ಲಿ ಕನ್ನಡ ಮತ್ತು ಸ್ವೀಡಿಷ್, ಶಾಲೆಯಲ್ಲಿ ಇಂಗ್ಲಿಷ್, ಅಕ್ಕಪಕ್ಕದಲ್ಲಿ ಕೊಡವ ತಕ್ಕ್. ಮಕ್ಕಳಿಗೆ ಗೊಂದಲ ಆಗುವುದಿಲ್ವಾ? ನಮ್ಮಲ್ಲೂ ನಾನು ಕನ್ನಡ ಮಾತಾಡುತ್ತೇನೆ, ಯಜಮಾನರು ಕೊಡವ ತಕ್ಕ್. ಎರಡೆರಡು ಭಾಷೆ ಆದರೆ ಮಗುವಿಗೆ ಮಾತು ತಡವಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ.
– ಗೋಣಿಕೊಪ್ಪಲಿನ ಒಬ್ಬ ತಾಯಿ

ಹೆದರಬೇಡಿ. ನನ್ನ ಮಗ ಇವತ್ತಿಗೂ "ಅಮ್ಮ, ಮ್ಯೋಲ್ಕ್ ಬೇಕು" ಅನ್ನುತ್ತಾನೆ. ಮ್ಯೋಲ್ಕ್ ಅಂದರೆ ಸ್ವೀಡಿಷ್‌ನಲ್ಲಿ ಹಾಲು. ಕೇಳಿದವರು ಪಾಪ, ಮಗುವಿಗೆ ಕಲಸುಮೇಲೋಗರ ಆಗಿದೆ ಅಂದುಕೊಳ್ಳುತ್ತಾರೆ. ಆದರೆ ಅದೇ ಮಗ ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕನ ಹತ್ತಿರ ಒಮ್ಮೆಯೂ ಮ್ಯೋಲ್ಕ್ ಕೇಳಿಲ್ಲ. ಅವಳ ಹತ್ತಿರ "ಹಾಲು ಕೊಡಕ್ಕ" ಅಂತಲೇ ಕೇಳುತ್ತಾನೆ. ಯಾರಿಗೆ ಯಾವ ಮಾತು ಎಂದು ಅವನಿಗೆ ಚೆನ್ನಾಗಿ ಗೊತ್ತು. ನನಗೆ ಎರಡೂ ಅರ್ಥವಾಗುತ್ತದೆ ಎಂದು ತಿಳಿದಿರುವುದರಿಂದ ನನ್ನ ಹತ್ತಿರ ನಾಲಿಗೆಗೆ ಮೊದಲು ಸಿಕ್ಕಿದ್ದನ್ನು ಹೇಳುತ್ತಾನೆ.

ಅಪ್ಪ ಒಂದು ಭಾಷೆ, ಅಮ್ಮ ಒಂದು ಭಾಷೆ ಎಂಬ ಪದ್ಧತಿ ಹೊಸದಲ್ಲ. ಫ್ರಾನ್ಸಿನ ಜೂಲ್ಸ್ ರೊಂಜಾ ಎಂಬ ಭಾಷಾತಜ್ಞ ತನ್ನ ಮಗನನ್ನು ಹೀಗೆಯೇ ಫ್ರೆಂಚ್ ಮತ್ತು ಜರ್ಮನ್ ಎರಡರಲ್ಲೂ ಬೆಳೆಸಿ, ಅದನ್ನೆಲ್ಲ 1913ರಲ್ಲೇ ಬರೆದಿಟ್ಟ. ಎರಡು ವರ್ಷವಾದರೂ ಮಗು ಎರಡು ಪದ ಜೋಡಿಸಿ ಹೇಳುತ್ತಿಲ್ಲ ಅಂದರೆ ಡಾಕ್ಟರ ಹತ್ತಿರ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಸುಮ್ನೆ ಒಂದು ಭಾಷೆಯನ್ನು ಕಿತ್ತುಹಾಕಬೇಡಿ.

ಒಂದು ಮಾತು ಹೇಳಲೇಬೇಕು. ನನ್ನ ಮಕ್ಕಳು ಕಲಿಯದಿದ್ದರೂ ಸ್ವೀಡಿಷ್ ಉಳಿಯುತ್ತದೆ. ಅದನ್ನಾಡುವ ಜನ ಸುಮಾರು ಒಂದು ಕೋಟಿ ಇದ್ದಾರೆ, ಅದಕ್ಕೊಂದು ದೇಶವೇ ಇದೆ. ಕೊಡವ ತಕ್ಕ್ ನಮ್ಮ ತಾಯಿನುಡಿ ಎಂದು 2011ರ ಜನಗಣತಿಯಲ್ಲಿ ಬರೆಸಿದವರು ಸುಮಾರು 1.14 ಲಕ್ಷ ಮಂದಿ, ಅಷ್ಟೇ. ನಿಮ್ಮ ಯಜಮಾನರು ಮಗುವಿನ ಹತ್ತಿರ ಆ ಮಾತು ಆಡುತ್ತಿದ್ದಾರಲ್ಲ, ದಯವಿಟ್ಟು ನಿಲ್ಲಿಸಬೇಡಿ ಎಂದು ಅವರಿಗೆ ಹೇಳಿ.

ನಮ್ಮಲ್ಲಿ ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಮಗಳು ಇಲ್ಲಿ ಶಾಲೆಗೆ ಸೇರಿದ ಹೊಸತು. ಐದೂವರೆ ವರ್ಷ. ಒಂದು ದಿನ ಗೇಟಿನ ಹತ್ತಿರ ಅಪ್ಪ ಸ್ವೀಡಿಷ್‌ನಲ್ಲಿ ಏನೋ ಕೇಳಿದ್ದಕ್ಕೆ, "ಪಪ್ಪಾ, ಇಲ್ಲಿ ಆ ಭಾಷೆ ಬೇಡ" ಅಂದುಬಿಟ್ಟಳು. ಅವತ್ತು ರಾತ್ರಿ ನನ್ನವರು ಸರಿಯಾಗಿ ಊಟ ಮಾಡಲಿಲ್ಲ. ಯೋಚಿಸಿ ನೋಡಿದರೆ ತಪ್ಪು ನನ್ನದು. ಮನೆಗೆ ಯಾರೇ ಬಂದರೂ "ಪುಟ್ಟಿ, ಸ್ವೀಡಿಷ್‌ನಲ್ಲಿ ಏನಾದರೂ ಹೇಳು" ಎಂದು ನಿಲ್ಲಿಸಿ ಹೇಳಿಸುತ್ತಿದ್ದೆ. ಹೆಮ್ಮೆಗೆ ಮಾಡುತ್ತಿದ್ದೆ. ಅವಳಿಗೆ ಅದು ಎಲ್ಲರೂ ತನ್ನನ್ನೇ ನೋಡುವ ವಿಷಯವಾಗಿಬಿಟ್ಟಿತ್ತು. ಅಂದಿನಿಂದ ಹೇಳಿಸುವುದನ್ನು ಬಿಟ್ಟೆ. ಅವರು ಮಾತ್ರ ಮನೆಯೊಳಗೆ ಸ್ವೀಡಿಷ್ ಬಿಡಲಿಲ್ಲ. ಸುಮಾರು ಒಂದು ವರ್ಷ ಅವರು ಸ್ವೀಡಿಷ್‌ನಲ್ಲಿ ಕೇಳುವುದು, ಇವಳು ಕನ್ನಡದಲ್ಲಿ ಉತ್ತರ ಕೊಡುವುದು. ಆಮೇಲೆ ಅತ್ತೆ ಎರಡು ತಿಂಗಳಿಗೆ ಬಂದರು. ಅವರಿಗೆ ಬರುವ ಕನ್ನಡ "ಬಾ" ಮತ್ತು "ಸಾಕು". ಮಗಳಿಗೆ ಬೇರೆ ದಾರಿ ಇರಲಿಲ್ಲ. ಒಂದು ವಾರದಲ್ಲಿ ಮಾತು ವಾಪಸ್ ಬಂತು.

ಮಗಳು, ಅಳಿಯ ಗೋಥೆನ್‌ಬರ್ಗ್‌ನಲ್ಲಿದ್ದಾರೆ. ಮೊಮ್ಮಗನಿಗೆ ನಾಲ್ಕು ವರ್ಷ. ದಿನಾ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್ ಮಾಡುತ್ತೇವೆ. ಎರಡು ನಿಮಿಷ ಕೂರುವುದಿಲ್ಲ, ಓಡಿಹೋಗುತ್ತಾನೆ. ಕನ್ನಡದಲ್ಲಿ ಕೇಳಿದರೆ ಮಾತೇ ಆಡುವುದಿಲ್ಲ. ನನ್ನವಳು ಫೋನ್ ಇಟ್ಟ ಮೇಲೆ ಅಳುತ್ತಾಳೆ. ಏನು ಮಾಡಬೇಕಮ್ಮ?
– ಒಬ್ಬ ನಿವೃತ್ತ ಮೇಷ್ಟ್ರು, ಶನಿವಾರಸಂತೆ

ಮೇಷ್ಟ್ರೇ, ನಿಮ್ಮ ಪತ್ರ ಓದಿ ಅತ್ತೆಯ ಮುಖ ಕಣ್ಣಮುಂದೆ ಬಂತು. ಅವರೂ ಹೀಗೇ ಫೋನ್ ಇಟ್ಟು ಅತ್ತಿದ್ದಾರೆ. ಅದನ್ನು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಮೊದಲು ಹೊತ್ತು. ನಿಮ್ಮ ರಾತ್ರಿ ಎಂಟು ಅಂದರೆ ಈಗ ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆ. ಮಗು ಶಿಶುವಿಹಾರದಿಂದ ಸುಸ್ತಾಗಿ, ಹಸಿದು ಬರುವ ಹೊತ್ತು. ಆಗ ಯಾವ ಮಗುವೂ ಕೂರುವುದಿಲ್ಲ. ವಾರದ ದಿನ ಬಿಟ್ಟುಬಿಡಿ. ಶನಿವಾರ, ಭಾನುವಾರ ಅಲ್ಲಿನ ಬೆಳಿಗ್ಗೆ ಒಂಬತ್ತಕ್ಕೆ ಮಾಡಿ, ಅಂದರೆ ನಿಮಗೆ ಮಧ್ಯಾಹ್ನ ಒಂದೂವರೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಆಮೇಲೆ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಮಗೂ ಅವರಿಗೂ ಮೂರೂವರೆ ಗಂಟೆಯೇ ಅಂತರ. ಇದು ನೆನಪಿಲ್ಲದೆ ನಾವು ಒಂದು ವರ್ಷ ಅತ್ತೆಯನ್ನು ಸುಮ್ಮನೆ ಕಾಯಿಸಿದ್ದೇವೆ.

ಎರಡನೆಯದು ಮುಖ್ಯ. ಊಟ ಮಾಡಿದ್ಯಾ, ಸ್ಕೂಲಿಗೆ ಹೋಗಿದ್ಯಾ, ಅಜ್ಜಿಗೆ ಮುತ್ತು ಕೊಡು, ಒಂದು ಹಾಡು ಹೇಳು. ಪ್ರೀತಿಯಿಂದಲೇ ಕೇಳುತ್ತೇವೆ. ಮಗುವಿಗೆ ಅದು ಪರೀಕ್ಷೆ. ಫೋನ್ ಎದುರು ಮಗುವನ್ನು ಮಾತಾಡಿಸಬೇಡಿ, ಫೋನ್ ಎದುರು ಕೆಲಸ ಮಾಡಿ. ನಾನು ಇಷ್ಟು ವರ್ಷದಲ್ಲಿ ಕಲಿತದ್ದು ಇದೊಂದೇ.

ನಮ್ಮ ಮನೆಯಲ್ಲಿ ಹೇಗೆ ಅಂದರೆ, ಭಾನುವಾರ ಸಂಜೆ ಏಳಕ್ಕೆ ಫೋನನ್ನು ಅಡುಗೆಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಒರಗಿಸಿ ನಿಲ್ಲಿಸುತ್ತೇವೆ. ಅಲ್ಲಿ ಅತ್ತೆಗೆ ಮಧ್ಯಾಹ್ನ ಎರಡೂವರೆ. ಅವರೂ ತಮ್ಮ ಅಡುಗೆಮನೆಯಲ್ಲಿ ಫೋನ್ ನಿಲ್ಲಿಸುತ್ತಾರೆ. ಅವರು ಅಲ್ಲಿ ಹಿಟ್ಟು ನಾದುತ್ತಾರೆ, ಇಲ್ಲಿ ಮಗಳು ನಾದುತ್ತಾಳೆ. ಕೆಲವೊಮ್ಮೆ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಅತ್ತೆ ಅಲ್ಲಿ ಏನೋ ಗೊಣಗುತ್ತಾರೆ, ರೇಡಿಯೋ ಹಾಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಮಗಳು, "ಫಾರ್ಮುರ್ (ಅಪ್ಪನ ಅಮ್ಮನನ್ನು ಸ್ವೀಡಿಷ್‌ನಲ್ಲಿ ಕರೆಯುವುದು ಹೀಗೆ), ಇಷ್ಟು ಅಂಟಂಟಾದರೆ ಸರಿಯಾ?" ಎಂದು ಫೋನಿಗೆ ಹಿಟ್ಟು ತೋರಿಸುತ್ತಾಳೆ. ಆಗ ಬರುವ ಮಾತಿದೆಯಲ್ಲ, ಅದು ನಿಜವಾದ ಮಾತು. ಅವಳಿಗೆ ಉತ್ತರ ಬೇಕಿದೆ, ಅದಕ್ಕೇ ಕೇಳುತ್ತಿದ್ದಾಳೆ.

ನಿಮ್ಮಲ್ಲಿ ಕೋಳಿ ಇದೆಯಾ ಮೇಷ್ಟ್ರೇ? ಇದ್ದರೆ ಒಂದು ಕೋಳಿಗೆ ಮೊಮ್ಮಗನೇ ಹೆಸರಿಡಲಿ. ಪ್ರತಿ ಶನಿವಾರ ಅದು ಮೊಟ್ಟೆ ಇಟ್ಟಿದೆಯಾ ಎಂದು ಅವನೇ ನೋಡಬೇಕು. ನೀವು ಫೋನ್ ಹಿಡಿದು ಗೂಡಿನ ಹತ್ತಿರ ಹೋಗಿ, ಎಣಿಸುವುದು ಅವನ ಕೆಲಸ. ಕನ್ನಡದ ಅಂಕಿ ತಾನಾಗಿ ಬರುತ್ತದೆ. ಮನೆಯವರು ಅಕ್ಕಿ ರೊಟ್ಟಿ ತಟ್ಟುವಾಗ ಅಲ್ಲಿ ಅವನಿಗೂ ಒಂದು ಉಂಡೆ ಹಿಟ್ಟು ಕೊಡಲು ಮಗಳಿಗೆ ಹೇಳಿ. ಯಾರ ರೊಟ್ಟಿ ದುಂಡಗೆ ಬಂತು ನೋಡೋಣ ಅನ್ನಿ. ಇಪ್ಪತ್ತು ನಿಮಿಷ ಅಲ್ಲಾಡುವುದಿಲ್ಲ.

ಇನ್ನೊಂದು, ನೀವು ಮೇಷ್ಟ್ರಾಗಿ ಕೆಲಸ ಮಾಡಿದವರು. ಕತೆ ಹೇಳುವುದು ನಿಮಗೆ ಬರುತ್ತದೆ. ದಿನಾ ಎರಡು ನಿಮಿಷ ವಾಟ್ಸ್‌ಆಪ್‌ನಲ್ಲಿ ನಿಮ್ಮ ಧ್ವನಿಯಲ್ಲಿ ಕತೆ ರೆಕಾರ್ಡ್ ಮಾಡಿ ಕಳಿಸಿ. ಕುತೂಹಲದ ಜಾಗದಲ್ಲಿ ನಿಲ್ಲಿಸಿಬಿಡಿ. ಮಲಗುವಾಗ ಮಗಳು ದೀಪ ಆರಿಸಿ ಹಾಕಲಿ. ಮುಖ ಕಾಣುವುದಿಲ್ಲ, ಪರದೆ ಬೇಕಿಲ್ಲ, ಕತ್ತಲಲ್ಲಿ ತಾತನ ದನಿ ಮಾತ್ರ. ನನ್ನ ಮಗನಿಗೆ ಅತ್ತೆ ಹೀಗೆ ಕಳಿಸುವ ಕತೆಯಲ್ಲಿ ಒಂದು ಮುಳ್ಳುಹಂದಿ ಇದೆ. ಅದು ಅವರ ಹಿತ್ತಲಿನಲ್ಲಿ ನಿಜವಾಗಿಯೂ ಇರುವ ಪುಟ್ಟ ಜಾತಿಯದು. ನಮ್ಮ ತೋಟದಲ್ಲೂ ಮುಳ್ಳುಹಂದಿ ಬರುತ್ತದೆ, ದೊಡ್ಡದು. ಎರಡೂ ನೆಂಟರು ಎಂದು ಮಗ ನಂಬಿದ್ದಾನೆ.

ಮಗಳಿಗೆ ಇದನ್ನೂ ತಿಳಿಸಿ. ಸ್ವೀಡನ್ನಿನ ಶಾಲೆಗಳಲ್ಲಿ ಮನೆಮಾತು ಬೇರೆ ಇರುವ ಮಕ್ಕಳಿಗೆ ತಾಯಿನುಡಿಯ ಪಾಠ ಇದೆ. ಅದಕ್ಕೆ ಅವರು ಇಟ್ಟ ಹೆಸರಿಗೂ ತಾಯಿಯ ಮಾತು ಎಂದೇ ಅರ್ಥ. ಮನೆಯಲ್ಲಿ ಅಪ್ಪ ಅಥವಾ ಅಮ್ಮ ದಿನವೂ ಆ ಭಾಷೆ ಬಳಸುತ್ತಿರಬೇಕು, ಊರಿನಲ್ಲಿ ಕನಿಷ್ಠ ಐದು ಮಕ್ಕಳು ಕೇಳಬೇಕು, ಕಲಿಸುವವರು ಸಿಗಬೇಕು. ಗೋಥೆನ್‌ಬರ್ಗ್ ದೊಡ್ಡ ಊರು, ಕನ್ನಡದ ಮನೆಗಳಿವೆ. ಮೊಮ್ಮಗ ಶಾಲೆ ಸೇರುವ ಮೊದಲೇ ಅವಳು ನಾಲ್ಕು ಮನೆಯವರ ಹತ್ತಿರ ಮಾತಾಡಿ ಇಟ್ಟಿರಲಿ. ಆದರೆ ಪಾಠ ಇರುವುದು ವಾರಕ್ಕೆ ಸ್ವಲ್ಪ ಹೊತ್ತು ಮಾತ್ರ. ಉಳಿದದ್ದು ನೀವು, ನಿಮ್ಮ ಕೋಳಿ.

ಹತ್ತು ತಿಂಗಳ ಮಗು. ಅತ್ತೆ ಮಾವ ಬೆಂಗಳೂರಿನಲ್ಲಿದ್ದಾರೆ, ದಿನಾ ವಿಡಿಯೋ ಕಾಲ್ ಬೇಕು ಅನ್ನುತ್ತಾರೆ. ಮಕ್ಕಳಿಗೆ ಮೊಬೈಲ್ ತೋರಿಸಲೇಬಾರದು ಎಂದು ಡಾಕ್ಟರು. ನಾನು ಯಾರ ಮಾತು ಕೇಳಲಿ?
– ಮಡಿಕೇರಿಯ ಒಬ್ಬ ಓದುಗಿ

ಇಬ್ಬರ ಮಾತನ್ನೂ ಕೇಳಬಹುದು ತಂಗಿ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ 2021ರಲ್ಲಿ ಹೇಳಿದ್ದೇ ಹೀಗೆ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಆದರೆ ನೆಂಟರ ಜೊತೆ ಅಪರೂಪಕ್ಕೆ ವಿಡಿಯೋ ಕಾಲ್ ಆಗಬಹುದು. ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಅಂದಿತು.

ವಿಡಿಯೋ ಕಾಲ್‌ಗೆ ಯಾಕೆ ರಿಯಾಯಿತಿ ಅಂದರೆ, ಆ ಕಡೆ ಇರುವುದು ಮನುಷ್ಯರು. ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೊತೆಯವರು 2003ರಲ್ಲಿ ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರಿಂದ ಮಕ್ಕಳು ಆ ಭಾಷೆಯ ಸದ್ದು ಗುರುತಿಸಲು ಕಲಿತವು. ಅದೇ ಜನರನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕಾಲ್‌ನಲ್ಲಿ ತಮಗೆ ಸ್ಪಂದಿಸಿದವರಿಂದ ಹೊಸ ಪದ ಕಲಿತರು, ಮೊದಲೇ ತೆಗೆದಿಟ್ಟ ವಿಡಿಯೋದಿಂದ ಕಲಿಯಲಿಲ್ಲ. ಮಗು ನಕ್ಕರೆ ಆ ಕಡೆಯವರೂ ನಗಬೇಕು. ಅಷ್ಟೇ ಗುಟ್ಟು.

ಹಾಗಾಗಿ ದಿನಾ ಬೇಡ, ವಾರಕ್ಕೆ ಎರಡು ಸಲ ಇರಲಿ. ಮಗುವನ್ನು ನಿಮ್ಮ ತೊಡೆ ಮೇಲೆ ಕೂರಿಸಿಕೊಳ್ಳಿ, ಫೋನನ್ನು ಮಗುವಿನ ಕೈಗೆ ಕೊಡಬೇಡಿ. ಐದು ನಿಮಿಷ ಸಾಕು. ಅತ್ತೆಯವರಿಗೆ ಬೇಸರವಾಗದ ಹಾಗೆ ಹೇಳಿ: "ಅತ್ತೆ, ನೀವು ಅವಳನ್ನು ನೋಡುವುದಕ್ಕಿಂತ ಅವಳು ನಿಮ್ಮ ದನಿ ಕೇಳುವುದು ಒಳ್ಳೆಯದಂತೆ. ಒಂದು ಜೋಗುಳ ರೆಕಾರ್ಡ್ ಮಾಡಿ ಕಳಿಸಿ." ಯಾವ ಅಜ್ಜಿಯೂ ಇಲ್ಲ ಅನ್ನುವುದಿಲ್ಲ. ಆದರೆ ಊಟ ಮಾಡಿಸುವಾಗ ಫೋನ್ ತೋರಿಸುವ ಅಭ್ಯಾಸ ಮಾತ್ರ ಬೇಡ ತಂಗಿ, ಅದನ್ನು ಬಿಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಸ್ವೀಡನ್ನಿನಲ್ಲಿ ಎಳೆ ಮಕ್ಕಳನ್ನು ಚಳಿಯಲ್ಲಿ ಮನೆಯ ಹೊರಗೆ ಮಲಗಿಸುತ್ತಾರಂತೆ, ನಿಜವೇ?
– ಕುಶಾಲನಗರ

ನಿಜ. ಬೆಚ್ಚಗೆ ಹೊದಿಸಿ ತಳ್ಳುಗಾಡಿಯಲ್ಲಿ ಮಲಗಿಸುತ್ತಾರೆ. ಮಗಳು ಹಾಗೇ ಮಲಗಿದ್ದಳು. ಅವಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದಿದ್ದ ನನ್ನ ಅಮ್ಮ, ಅಲ್ಲಿ ನನಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ದು ಕಿವಿಗೆ ಹತ್ತಿ ಇಟ್ಟವರು, ಮೊದಲ ದಿನ ಗಾಡಿಯ ಪಕ್ಕದಲ್ಲೇ ಕೋಟು ಹಾಕಿಕೊಂಡು ಕೂತುಬಿಟ್ಟಿದ್ದರು. ಅತ್ತೆ ಅವರಿಗೊಂದು ಕುರ್ಚಿ, ಒಂದು ಲೋಟ ಕಾಫಿ ತಂದುಕೊಟ್ಟು ತಾವೂ ಪಕ್ಕದಲ್ಲಿ ಕೂತರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು.

ಡಿಸೆಂಬರಿನಲ್ಲಿ ನಿಮ್ಮ ಮನೆಯಲ್ಲಿ ದೀಪದ ಹಬ್ಬ ಮಾಡುತ್ತೀರಿ ಎಂದು ಬರೆದಿದ್ದಿರಿ. ಅದು ಯಾವುದು? ನಮ್ಮ ಹಬ್ಬಗಳ ಜೊತೆ ಅದೂ ಸೇರಿದರೆ ಮಕ್ಕಳಿಗೆ ಯಾವುದು ನಮ್ಮದು ಎಂದು ಹೇಗೆ ತಿಳಿಯಬೇಕು?
– ವಿರಾಜಪೇಟೆಯ ಒಬ್ಬ ಓದುಗಿ

ಅದು ಲೂಸಿಯಾ ಹಬ್ಬ, ಡಿಸೆಂಬರ್ 13ಕ್ಕೆ. ಲೂಸಿಯಾ ಇಟಲಿಯ ಸಿಸಿಲಿ ದ್ವೀಪದ ಸಂತಳು. ಆದರೆ ಸ್ವೀಡನ್ನಿನಲ್ಲಿ ಅದು ಬೆಳಕಿನ ಹಬ್ಬ. ಹಳೆಯ ಪಂಚಾಂಗದಲ್ಲಿ ವರ್ಷದ ಅತಿ ಉದ್ದದ ರಾತ್ರಿ ಆ ದಿನದ ಹತ್ತಿರವೇ ಬೀಳುತ್ತಿತ್ತು. ವೆಕ್ಷೋದಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲೆ. ನಾನು ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ಆ ಕತ್ತಲೆಗೆ ಬೆದರಿದ್ದೆ. 13ರ ಬೆಳಗಿನ ಜಾವ ಬಿಳಿ ನಿಲುವಂಗಿ ಹಾಕಿ, ತಲೆ ಮೇಲೆ ದೀಪದ ಕಿರೀಟ ಇಟ್ಟ ಹುಡುಗಿ ಮುಂದೆ, ಹಿಂದೆ ಉಳಿದ ಮಕ್ಕಳು ಹಾಡುತ್ತ ಬಂದಾಗ ಕಣ್ಣಲ್ಲಿ ನೀರು ಬಂತು. ಮಕ್ಕಳ ಕಿರೀಟದಲ್ಲಿ ಈಗ ಬ್ಯಾಟರಿ ದೀಪ.

ಇಲ್ಲಿ ನಾವು ಬೆಳಿಗ್ಗೆ ಐದೂವರೆಗೆ ಏಳುತ್ತೇವೆ. ಮಗಳು ಕಿರೀಟ ಇಟ್ಟುಕೊಂಡು ಅಜ್ಜಿ ಕಲಿಸಿದ ಹಾಡು ಹೇಳುತ್ತ ಜಗಲಿಯಿಂದ ಒಳಗೆ ಬರುತ್ತಾಳೆ. ಆಗ ಅತ್ತೆಗೆ ರಾತ್ರಿ ಒಂದು ಗಂಟೆ. ಹಾಗಾಗಿ ಆ ಹೊತ್ತಿಗೆ ಕಾಲ್ ಇಲ್ಲ. ರೆಕಾರ್ಡ್ ಮಾಡಿ ಕಳಿಸುತ್ತೇವೆ. ಅವರು ಬೆಳಿಗ್ಗೆ ಎದ್ದು, ಕತ್ತಲಲ್ಲೇ, ಮೊದಲು ನೋಡುವುದು ಅದನ್ನೇ.

ಹಬ್ಬಕ್ಕೆ ಕೇಸರಿ ಹಾಕಿ, ಎರಡು ತುದಿಯೂ ಸುರುಳಿ ಸುತ್ತಿ, ಒಣದ್ರಾಕ್ಷಿ ಚುಚ್ಚಿದ ಬನ್ನು ಮಾಡುತ್ತಾರೆ. ಆದರೆ ನಮ್ಮ ಮಕ್ಕಳಿಗೆ ಹತ್ತಿರದ್ದು ವರ್ಷವಿಡೀ ಮಾಡುವ ಏಲಕ್ಕಿ ಬನ್ನು. ಹೌದು, ಏಲಕ್ಕಿ! ಅಷ್ಟು ದೂರದ ಚಳಿ ದೇಶದ ಜನ ತಮ್ಮ ಸಿಹಿ ಬನ್ನಿಗೆ ಹಾಕುವುದು ನಮ್ಮ ಏಲಕ್ಕಿ. ಅಲ್ಲಿ ಅದರ ಹೆಸರು ಕಾರ್ದೆಮುಮ್ಮ. ಮದುವೆಯಾದ ಹೊಸತರಲ್ಲಿ ಅತ್ತೆಯ ಅಡುಗೆಮನೆಗೆ ಕಾಲಿಟ್ಟಾಗ ಬಂದ ಪರಿಮಳ ನಮ್ಮ ಅಜ್ಜಿ ಪಾಯಸಕ್ಕೆ ಏಲಕ್ಕಿ ಕುಟ್ಟುವಾಗಿನದೇ. ನನಗೆ ಆ ಊರು ಪರಕೀಯ ಅನ್ನಿಸುವುದು ಅವತ್ತೇ ನಿಂತಿತು. ಅತ್ತೆ ಇಲ್ಲಿಗೆ ಬಂದಾಗ ಮಗಳು ಅವರನ್ನು ಪಕ್ಕದ ತೋಟಕ್ಕೆ ಕರೆದುಕೊಂಡು ಹೋಗಿ, ಗಿಡದ ಬುಡದಲ್ಲಿ ನೆಲಕ್ಕೆ ತಾಗಿಕೊಂಡು ಬಿಟ್ಟಿದ್ದ ಹಸಿ ಏಲಕ್ಕಿ ತೋರಿಸಿದಳು. ಎಪ್ಪತ್ತು ವರ್ಷ ಪೊಟ್ಟಣದ ಪುಡಿಯನ್ನೇ ನೋಡಿದ್ದ ಅವರು ಅಲ್ಲೇ ಮಂಡಿಯೂರಿ ಕೂತರು. ಈಗ ಮಗಳು ಹಿಟ್ಟಿಗೆ ಹಾಕಲು ಕುಟ್ಟಾಣಿಯಲ್ಲಿ ಏಲಕ್ಕಿ ಕುಟ್ಟಿ ಫೋನಿಗೆ ಹಿಡಿದು ತೋರಿಸುತ್ತಾಳೆ. "ತರಿತರಿ ಇರಲಿ, ನುಣ್ಣಗೆ ಮಾಡಬೇಡ" ಎಂದು ಆ ಕಡೆಯಿಂದ ಕೂಗು ಬರುತ್ತದೆ.

ಕಾಫಿಯದ್ದೂ ಇಂಥದ್ದೇ ನಂಟು. ನಾವು ಬೆಳೆಯುವ ಅರೇಬಿಕಾ ಗಿಡಕ್ಕೆ ಅದರ ವೈಜ್ಞಾನಿಕ ಹೆಸರು ಕೊಟ್ಟವರು ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್, 1753ರಲ್ಲಿ. ಅವರು ಓದಿದ ಶಾಲೆ ಇದ್ದದ್ದು ವೆಕ್ಷೋದಲ್ಲೇ. ಮಗಳು ಇದನ್ನು ತನ್ನ ತರಗತಿಯಲ್ಲಿ ಹೇಳಿ ಬಂದಳು. "ಪಪ್ಪನ ಊರಿನವರು ನಮ್ಮ ಗಿಡಕ್ಕೆ ಹೆಸರಿಟ್ಟರು" ಅಂದಳಂತೆ. ಆ ಭಾಷೆ ಬೇಡ ಅಂದಿದ್ದ ಅದೇ ಹುಡುಗಿ.

ಯಾವುದು ನಮ್ಮದು ಎಂದು ಹೇಗೆ ತಿಳಿಯಬೇಕು ಎಂದು ಕೇಳಿದ್ದೀರಿ. ಹುತ್ತರಿಯ ರಾತ್ರಿ ಪಕ್ಕದ ಮನೆಯವರು ನಮ್ಮ ಮಕ್ಕಳನ್ನು ತಮ್ಮ ಐನ್‌ಮನೆಗೆ, ಅಂದರೆ ಕುಲದ ಹಿರಿಯ ಮನೆಗೆ, ಕರೆದುಕೊಂಡು ಹೋಗುತ್ತಾರೆ. ಕದಿರು ಕುಯ್ಯುವಾಗ ಮಗ ಎಲ್ಲರಿಗಿಂತ ಜೋರಾಗಿ "ಪೊಲಿ ಪೊಲಿ ದೇವಾ" ಎಂದು ಕೂಗುತ್ತಾನೆ, ತಂಬುಟ್ಟು ತಿಂದು ಬರುತ್ತಾನೆ. ನಾವು ಕೊಡವರಲ್ಲ. ಆ ಮನೆಯ ಅಜ್ಜಿ ಒಂದು ದಿನವೂ ಅದನ್ನು ಕೇಳಿಲ್ಲ. ದೀಪಾವಳಿ ನನ್ನ ಅಮ್ಮನ ಮನೆಯಲ್ಲಿ, ಹುತ್ತರಿ ಪಕ್ಕದ ಮನೆಯಲ್ಲಿ, ಲೂಸಿಯಾ ನಮ್ಮ ಮನೆಯಲ್ಲಿ. ಮಕ್ಕಳ ಲೆಕ್ಕದಲ್ಲಿ ಹಬ್ಬ ಒಂದು ಧರ್ಮದ್ದಲ್ಲ, ಒಬ್ಬ ಅಜ್ಜಿಯದು. ಮೂವರು ಅಜ್ಜಿಯರಿದ್ದಾರೆ, ಮೂರು ಹಬ್ಬ ಇದೆ. ಅವರಿಗೆ ಇದರಲ್ಲಿ ಗೊಂದಲವೇ ಕಂಡಿಲ್ಲ.

ಅಜ್ಜಿ ಅಂದಾಗ ನೆನಪಾಯಿತು. ಇಂಗ್ಲಿಷಿನ ಅಂಕಲ್, ಆಂಟಿ ಬಂದು ನಮ್ಮ ಸಂಬಂಧಗಳ ಹೆಸರನ್ನೆಲ್ಲ ನುಂಗಿಹಾಕಿತು ಅಲ್ವಾ? ಸ್ವೀಡಿಷ್ ಹಾಗಲ್ಲ. ಅಪ್ಪನ ಅಮ್ಮ ಫಾರ್ಮುರ್, ಅಮ್ಮನ ಅಮ್ಮ ಮುರ್ಮುರ್. ಅಮ್ಮನ ತಮ್ಮನೋ ಅಣ್ಣನೋ ಆದರೆ ಮುರ್ಬ್ರುರ್, ನಮ್ಮ ಸೋದರಮಾವನ ಹಾಗೆ. ಅಪ್ಪನ ಅಕ್ಕ ತಂಗಿಯರು ಫಾಸ್ತೆರ್, ಅಂದರೆ ಸೋದರತ್ತೆ. ಅಮ್ಮನ ಅಕ್ಕ ತಂಗಿಯರು ಮುಸ್ತೆರ್. ನನ್ನ ತಮ್ಮನನ್ನು ಮಕ್ಕಳು ಮಾವ ಅನ್ನುತ್ತಾರೆ, ಅತ್ತೆಯ ಹತ್ತಿರ ಅವನ ಸುದ್ದಿ ಹೇಳುವಾಗ ಮುರ್ಬ್ರುರ್ ಅನ್ನುತ್ತಾರೆ. ಒಂದಕ್ಕೊಂದು ಸರಿಯಾಗಿ ಕೂರುತ್ತದೆ. ಎರಡು ಭಾಷೆ ಬೆಸೆಯಲು ನಮಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗಲಿಲ್ಲ.

ನನ್ನ ಗಂಡ ಒಳ್ಳೆಯವರೇ. ಆದರೆ ಮಗುವಿನ ಕೆಲಸ ಎಂದರೆ ನನ್ನ ಕೆಲಸ ಎಂದೇ ಅವರ ಲೆಕ್ಕ. ಸ್ವೀಡನ್ನಿನ ಗಂಡಸರು ಹುಟ್ಟಿನಿಂದಲೇ ಬೇರೆಯವರಾ?
– ಸಿದ್ದಾಪುರದ ಒಬ್ಬ ತಾಯಿ

ಇಲ್ಲಮ್ಮ, ಕಾನೂನು ಬೇರೆ. ಅಲ್ಲಿ 1974ರಲ್ಲೇ ಹೆರಿಗೆ ರಜೆಯನ್ನು ಅಪ್ಪ ಅಮ್ಮ ಇಬ್ಬರಿಗೂ ಸೇರಿದ ರಜೆ ಮಾಡಿದರು. ಈಗ ಒಂದು ಮಗುವಿಗೆ 480 ದಿನ. ಅದರಲ್ಲಿ 390 ದಿನಕ್ಕೆ ಒಂದು ಮಿತಿಯವರೆಗೆ ಸಂಬಳದ ಸುಮಾರು ಶೇ. 80ರಷ್ಟು ಸಿಗುತ್ತದೆ. ಆದರೂ ಮೊದಮೊದಲು ಅಪ್ಪಂದಿರು ತೆಗೆದುಕೊಳ್ಳುತ್ತಿದ್ದುದು ಬಹಳ ಕಡಿಮೆ. ಅದಕ್ಕೇ 1995ರಲ್ಲಿ ಒಂದು ತಿಂಗಳು ಅಪ್ಪನಿಗೇ ಮೀಸಲಿಟ್ಟರು. ಅವನು ತೆಗೆದುಕೊಳ್ಳದಿದ್ದರೆ ಆ ದಿನಗಳು ಹೋದಂತೆ. 2002ರಲ್ಲಿ ಅದು ಎರಡು ತಿಂಗಳಾಯಿತು, 2016ರಲ್ಲಿ 90 ದಿನ. 2024ರ ಜುಲೈಯಿಂದ ಅಪ್ಪ ಅಮ್ಮ ತಲಾ 45 ದಿನದವರೆಗೆ ಅಲ್ಲೇ ನೆಲೆಸಿರುವ ಅಜ್ಜಿ ತಾತನಿಗೂ ಕೊಡಬಹುದು.

ನಮ್ಮಲ್ಲಿ 2017ರ ತಿದ್ದುಪಡಿಯಿಂದ ತಾಯಂದಿರಿಗೆ 26 ವಾರ ಸಿಕ್ಕಿದ್ದು ದೊಡ್ಡ ವಿಷಯ. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಮಗು ಅಮ್ಮನದು ಎಂದು ಕಾನೂನೇ ಹೇಳಿದರೆ ಗಂಡಸರು ಬೇರೆ ಏನು ಅಂದುಕೊಳ್ಳುತ್ತಾರೆ?

ನನ್ನವರು ಮಗಳ ಜೊತೆ ಏಳು ತಿಂಗಳು ಮನೆಯಲ್ಲಿದ್ದರು. ಮೊದಲ ವಾರ ನಾನು ಆಫೀಸಿನಿಂದ ಗಂಟೆಗೊಮ್ಮೆ ಫೋನ್ ಮಾಡಿ ಹಾಲು ಎಷ್ಟು ಕುಡಿದಳು, ಎಷ್ಟು ಮಲಗಿದಳು ಎಂದು ಕೇಳುತ್ತಿದ್ದೆ. ಎಂಟನೇ ದಿನ ಅವರು, "ನೀನು ಕೇಳುತ್ತಿದ್ದರೆ ನಾನು ನಿನ್ನ ಸಹಾಯಕ. ಕೇಳದಿದ್ದರೆ ನಾನು ಅಪ್ಪ" ಅಂದರು. ಆ ಮಾತು ನಾಟಿತು. ನೀವೂ ಭಾನುವಾರ ಒಂದು ಹೊತ್ತು ಮಗುವನ್ನು ಪೂರ್ತಿ ಅವರಿಗೆ ಬಿಟ್ಟು ಮನೆಯಿಂದ ಹೊರಗೆ ಹೋಗಿ. ಏನು ಮಾಡಬೇಕೆಂದು ಹೇಳಿಕೊಡಬೇಡಿ, ಫೋನ್ ಮಾಡಬೇಡಿ. ಮಗು ಅಳುತ್ತದೆ, ಅವರು ಸಮಾಧಾನ ಮಾಡಲು ಕಲಿಯುತ್ತಾರೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ನೀವು ಅತ್ತೆಯ ಜೊತೆ ಹೇಗೆ ಮಾತಾಡುತ್ತೀರಿ?
– ಭಾಗಮಂಡಲದ ಒಬ್ಬ ಓದುಗರು

ಮಾತಾಡುವುದಿಲ್ಲ. ಅದಕ್ಕೆ ಮೊದಲೇ ತಯಾರಾಗಿರುತ್ತೇವೆ. ಯಾಕೆ ಅಂದರೆ ನಾನು ಆ ಕಡೆ ಕೂತು ಕಾದವಳು.

2018ರ ಆಗಸ್ಟ್. ಗುಡ್ಡಗಳು ಕುಸಿದ ವರ್ಷ. ನಾನು ವೆಕ್ಷೋದಲ್ಲಿ, ಮಗಳಿಗೆ ಎರಡು ವರ್ಷ. ಅಪ್ಪ ಅಮ್ಮ ಮಾದಾಪುರದ ಕಡೆ ಮನೆಯಲ್ಲಿ. ಫೋನಿನಲ್ಲಿ ಮಣ್ಣಿನ ಜೊತೆ ಜಾರುವ ಮನೆಯ ವಿಡಿಯೋಗಳು ಒಂದರ ಮೇಲೊಂದು ಬರುತ್ತಿದ್ದವು. ಪ್ರಪಂಚಕ್ಕೆಲ್ಲ ಸುದ್ದಿ ತಲುಪಿತ್ತು, ನನಗೆ ಅಮ್ಮನ ಫೋನು ಮಾತ್ರ ಹತ್ತುತ್ತಿರಲಿಲ್ಲ. ಮೂರು ದಿನ. ಅತ್ತೆ ಬ್ಯಾಗ್ ತೆಗೆದುಕೊಂಡು ನಮ್ಮ ಮನೆಗೆ ಬಂದುಬಿಟ್ಟರು. ಏನೂ ಆಗಿರುವುದಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಮಗುವಿಗೆ ಊಟ ಮಾಡಿಸಿದರು, ನನ್ನ ಕೈಯಿಂದ ಫೋನ್ ತೆಗೆದುಕೊಂಡು ತಾವೇ ಹತ್ತು ನಿಮಿಷಕ್ಕೊಮ್ಮೆ ಅಮ್ಮನ ನಂಬರ್ ಒತ್ತುತ್ತಿದ್ದರು. ನಾಲ್ಕನೇ ದಿನ ಕುಶಾಲನಗರದ ನೆಂಟರೊಬ್ಬರ ಫೋನಿನಿಂದ ಅಮ್ಮ ಮಾತಾಡಿದರು. ಮೊದಲು ಕೇಳಿದ್ದು, "ಮಗು, ಊಟ ಮಾಡಿದ್ಯಾ?"

ಹಾಗಾಗಿ ಈಗ ಜೂನ್ ಬರುವ ಮೊದಲೇ ಒಂದು ಕಾಗದದಲ್ಲಿ ಐದು ನಂಬರ್ ಬರೆದು ಅತ್ತೆಗೆ ಕಳಿಸಿದ್ದೇವೆ: ಪಕ್ಕದ ಮನೆ, ಕುಶಾಲನಗರದ ನೆಂಟರು, ಮೈಸೂರಿನ ತಮ್ಮ, ಹೀಗೆ. ಜೋರು ಮಳೆ ಬರುವ ಹಾಗಿದ್ದರೆ "ಎರಡು ಮೂರು ದಿನ ಸಿಗದೇ ಇರಬಹುದು, ಹೆದರಬೇಡಿ" ಎಂದು ಮೊದಲೇ ಮೆಸೇಜ್ ಹಾಕುತ್ತೇವೆ. ಇನ್ವರ್ಟರ್ ಇದೆ, ಅದು ದೀಪಕ್ಕೆ. ಒಂದು ಹಳೆಯ ಫೋನಿನಲ್ಲಿ ಅತ್ತೆಯ ಕತೆಗಳನ್ನೆಲ್ಲ ಇಳಿಸಿ ಇಟ್ಟಿದ್ದೇವೆ, ನೆಟ್‌ವರ್ಕ್ ಇಲ್ಲದಿದ್ದರೂ ಮಗನಿಗೆ ಮುಳ್ಳುಹಂದಿ ತಪ್ಪುವುದಿಲ್ಲ. ಮಗಳು ಕಾಗದ ಬರೆಯುತ್ತಾಳೆ. ಸುಂಟಿಕೊಪ್ಪದ ಪೋಸ್ಟ್ ಆಫೀಸಿನಿಂದ ಹೊರಟು ತಲುಪಲು ವಾರಗಟ್ಟಲೆ ಬೇಕು, ಆದರೂ ಅತ್ತೆ ಆ ಕಾಗದಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ.

ಹೋದ ಜುಲೈನಲ್ಲಿ ಮರ ಬಿದ್ದು ಎರಡು ದಿನ ಏನೂ ಇರಲಿಲ್ಲ. ಮಗ ಫೋನಿಗೆ ಹೇಳುತ್ತಲೇ ಇದ್ದ. ಮಳೆ ಬಂತು, ಜಿಗಣೆ ಹತ್ತಿತು, ನಾಯಿ ಒದ್ದೆಯಾಯಿತು, ಕಡುಬು ತಿಂದೆ. ಒಂದೂ ಹೋಗುತ್ತಿರಲಿಲ್ಲ, ಎಲ್ಲದರ ಪಕ್ಕದಲ್ಲೂ ಪುಟ್ಟ ಗಡಿಯಾರದ ಗುರುತು. ಮೂರನೇ ದಿನ ಬೆಳಿಗ್ಗೆ ಹನ್ನೊಂದು ಮೆಸೇಜ್ ಒಟ್ಟಿಗೆ ಹೋದವು. ಅತ್ತೆ ಹನ್ನೊಂದಕ್ಕೂ ಬೇರೆ ಬೇರೆ ಉತ್ತರ ಕಳಿಸಿದರು. ಜಿಗಣೆಯದ್ದಕ್ಕೆ ಮಾತ್ರ ಎರಡು.